ಷರಾ ಇಲ್ಲದ ನಮೂನೆ ಮತ್ತು ದೊಡ್ಡಕ್ಕನ ಸಹಿ

ಮಾನ್ಯ ಉಪನಿರ್ದೇಶಕರೇ,

ತಾವು ಹೊರಡಿಸಿದ ಹೊಸ ವರದಿ ನಮೂನೆಯಲ್ಲಿ ‘ಷರಾ’ ಎಂಬ ಕಾಲಂ ಇಲ್ಲ. ಅದು ಇಲ್ಲದ್ದರಿಂದ ನಮ್ಮ ಪ್ರಯೋಗಾಲಯದ ಹಿರಿಯ ನಿರ್ವಾಹಕಿಗೆ ವರದಿಗಳ ಮೇಲೆ ಸಹಿ ಹಾಕುವ ಅಧಿಕಾರವೂ ಈಗ ಇಲ್ಲ. ಇಪ್ಪತ್ತಾರು ವರ್ಷ ಸಹಿ ಹಾಕಿದ ಕೈ ಹತ್ತೊಂಬತ್ತು ದಿನಗಳಿಂದ ಉಗ್ರಾಣದಲ್ಲಿ ಗಾಜಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದೆ. ಅವರನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಅವರ ಕುರ್ಚಿಯಲ್ಲಿ ಈಗ ಕೂತಿರುವವಳು ನಾನು. ತಮಗೆ ಇಂಗ್ಲಿಷಿನಲ್ಲಿ ಮೂರು ಮನವಿ ಕಳಿಸಿದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ. ಶಾಲೆಯಲ್ಲಿ ವಾರಕ್ಕೆ ಮೂರು ಪೀರಿಯಡ್ಡು ಮಾತ್ರ ಕನ್ನಡ ಕಲಿತವಳು ಹೀಗೆ ಬಹಿರಂಗವಾಗಿ ಕನ್ನಡದಲ್ಲಿ ಬರೆಯುವಷ್ಟು ಪರಿಶೀಲಿಸಿದ್ದೀರಿ. ಧನ್ಯವಾದ.

ನಮ್ಮ ಕೆಲಸವೇನೆಂದು ಓದುಗರಿಗೆ ಹೇಳಿಬಿಡುತ್ತೇನೆ, ತಮಗೂ ಉಪಯೋಗವಾದೀತು. ನಮ್ಮ ಯಂತ್ರ ಬೆರಳುದ್ದದ ಚೌಕ ಕೊಳವೆಯೊಂದರಲ್ಲಿರುವ ದ್ರವಕ್ಕೆ ಲೇಸರ್ ಬೆಳಕು ಹಾಯಿಸುತ್ತದೆ. ದ್ರವದೊಳಗಿನ ಕಣಗಳು ಸದಾ ಅಲುಗುತ್ತಿರುತ್ತವೆ. ಸಣ್ಣವು ಚುರುಕು, ದೊಡ್ಡವು ಸೋಮಾರಿ. ಚದುರಿದ ಬೆಳಕಿನ ಮಿನುಗು ನೋಡಿ ಯಂತ್ರ ಕಣದ ಗಾತ್ರ ಲೆಕ್ಕ ಹಾಕುತ್ತದೆ. ಅದೇ ಯಂತ್ರ ದ್ರವಕ್ಕೆ ವಿದ್ಯುತ್ ಕೊಟ್ಟು ಜೀಟಾ ಪೊಟೆನ್ಷಿಯಲ್ ಎಂಬುದನ್ನೂ ಅಳೆಯುತ್ತದೆ. ಕಣಗಳು ಒಂದನ್ನೊಂದು ಎಷ್ಟು ಜೋರಾಗಿ ದೂರ ತಳ್ಳುತ್ತವೆ ಎಂಬುದರ ಅಂದಾಜು ಅದು. ಧನವೋ ಋಣವೋ, ಮೂವತ್ತು ಮಿಲಿವೋಲ್ಟ್ ದಾಟಿದರೆ ಸಾಮಾನ್ಯವಾಗಿ ಅಂತರ ಕಾಯ್ದುಕೊಂಡು ತೇಲುತ್ತವೆ. ಸೊನ್ನೆಯ ಹತ್ತಿರ ಬಂದರೆ ಅಂಟಿಕೊಂಡು, ಗಂಟಾಗಿ, ತಳ ಸೇರುತ್ತವೆ. ದೊಡ್ಡಕ್ಕನಿಗೆ ನೋಟಿಸು ಬಂದ ಮೇಲೆ ನಮ್ಮ ಊಟದ ಕೋಣೆಯಲ್ಲಿ ನಾವೆಲ್ಲ ಮೂವತ್ತು ದಾಟಿದ್ದೇವೆ. ಅವರು ಡಬ್ಬಿ ತೆರೆದರೆ ಸಾಕು, ಅಕ್ಕಪಕ್ಕದ ಕುರ್ಚಿಗಳು ತಾವಾಗಿ ಸರಿಯುತ್ತವೆ.

ಈ ಯಂತ್ರಕ್ಕೂ ತಮ್ಮ ಕಚೇರಿಗೂ ಒಂದು ಹೋಲಿಕೆಯಿದೆ: ಎರಡಕ್ಕೂ ಸುಮ್ಮನಿರಲು ಬರುವುದಿಲ್ಲ. ಕೊಳವೆಯ ಮೇಲೆ ಬೆರಳಚ್ಚಿದ್ದರೂ ಅಂಕಿ, ಒಳಗೆ ಧೂಳಿದ್ದರೂ ಅಂಕಿ, ಗುಳ್ಳೆಯಿದ್ದರೂ ಅಂಕಿ. ಮೂಲೆಯಲ್ಲೊಂದು ಎಚ್ಚರಿಕೆ ತೋರಿಸಿ, ಅಂಕಿಯನ್ನಂತೂ ಕೊಟ್ಟೇ ಕೊಡುತ್ತದೆ. ಅದನ್ನು ನಂಬಬಹುದೇ ಎಂದು ಹೇಳುವುದಕ್ಕೇ ನಮಗೆ ಸಂಬಳ, ಹಾಗೆ ಹೇಳುವ ಜಾಗವೇ ಷರಾ. ವರದಿಗಳನ್ನು ‘ಸರಳಗೊಳಿಸುವ’ ತಮ್ಮ ಉತ್ಸಾಹದಲ್ಲಿ ಅದು ಹಾರಿಹೋಯಿತು. ಖಾಲಿಯಾದ ಜಾಗಕ್ಕೆ ಸಂಸ್ಥೆಯ ಲಾಂಛನ ಇನ್ನಷ್ಟು ದೊಡ್ಡದಾಗಿ ಬಂದು ಕೂತಿತು.

ಕಳೆದ ತಿಂಗಳು ಗೋಡೆಗೆ ಬಳಿಯುವ ಬಿಳಿ ಬಣ್ಣದ ಮಾದರಿಯೊಂದು ಬಂತು. ದೊಡ್ಡಕ್ಕ ಮೂರು ಸಲ ಅಳೆದರು. ಮೂರೂ ಹತ್ತಿರ ಹತ್ತಿರ ಇರಬೇಕು. ಬಂದದ್ದು ನೂರ ಎಂಬತ್ತು, ಒಂಬೈನೂರ ನಲವತ್ತು, ಮೂರು ಸಾವಿರದ ನೂರು ನ್ಯಾನೊಮೀಟರ್. ಕೊಳವೆ ಬದಲಿಸಿದರು, ಮಾದರಿಯನ್ನು ಇನ್ನಷ್ಟು ತೆಳುಮಾಡಿದರು. ಮತ್ತೆ ಅದೇ ಕುಣಿತ. ಜೀಟಾ ನೋಡಿದರೆ ಋಣ ನಾಲ್ಕು.

“ನಾಲ್ಕೇ ನಾಲ್ಕು! ಅಂಟ್ಕೊಳ್ದೆ ಇನ್ನೇನ್ ಮಾಡ್ತವೆ ಪಾಪ,” ಎಂದರು. “ಅಳೀತಾ ಇರೋ ಹಾಗೇ ತಳಕ್ಕೆ ಕೂರ್ತಿದೆ ಕಣೇ. ಈ ಯಂತ್ರದಲ್ಲಿ ಆಗಲ್ಲ, ಇದಕ್ಕೆ ಬೇರೆ ವಿಧಾನ ಬೇಕು.”

ತಮ್ಮ ಶಾಖೆಯ ಸೂಪರಿಂಟೆಂಡೆಂಟರು ಫೈಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಮೇಡಂ, ಗಾತ್ರದ ಕಾಲಂ ಖಾಲಿ ಬಿಟ್ರೆ ಫೈಲು ಮುಂದಕ್ಕೆ ಹೋಗಲ್ಲ. ಏನೋ ಒಂದು ಅಂಕಿ ಹಾಕಿ.”

“ನನ್ ವಯಸ್ಸು ಹಾಕ್ಲಾ?”

“ತಮಾಷೆ ಬೇಡ ಮೇಡಂ. ಬಣ್ಣ ತಾನೇ? ಗೋಡೆ ಏನ್ ಸಾಯುತ್ತಾ?”

“ಇವತ್ತು ಗೋಡೆ. ನಾಳೆ ಇದೇ ನಮೂನೇಲಿ ಕಣ್ಣಿಗೆ ಬಿಡೋ ಔಷಧಿ ಬರುತ್ತಲ್ಲಪ್ಪ, ಆಗ ಯಾರ ವಯಸ್ಸು ಹಾಕ್ತೀರಿ?”

ದೊಡ್ಡಕ್ಕ ಕಾಲಮ್ಮಿಗೆ ಅಡ್ಡಗೆರೆ ಎಳೆದು, ಅಂಚಿನಲ್ಲಿ ಗುಂಡಗಿನ ಅಕ್ಷರದಲ್ಲಿ ‘ಮಾದರಿ ತಳ ಸೇರುತ್ತಿದೆ, ಅಳೆಯಲಾಗಲಿಲ್ಲ’ ಎಂದು ಬರೆದು ಸಹಿ ಹಾಕಿದರು. ತಮ್ಮ ನೋಟಿಸಿನ ಪ್ರಕಾರ ಅವರ ಅಪರಾಧ ‘ಅಧಿಕೃತ ನಮೂನೆಯನ್ನು ವಿರೂಪಗೊಳಿಸಿದ್ದು’. ಕ್ಷಮಿಸಿ, ಆ ಹಾಳೆಯ ಮೇಲೆ ನೋಡಲು ಚೆನ್ನಾಗಿದ್ದದ್ದು ಅದೊಂದೇ ಸಾಲು.

ಇನ್ನು ನನ್ನ ಪುರಾಣ. ಮರುದಿನ, ಅವರ ಬದಲು ನಾನು ಸಹಿ ಹಾಕಲೆಂದು, ಹೊಸ ನಮೂನೆಯೊಂದಿಗೆ ಫೈಲು ನನ್ನ ಮೇಜಿಗೆ ಬಂತು. ನಾನು ಹೊಸದಾಗಿ ಏನನ್ನೂ ಅಳೆಯಲಿಲ್ಲ. ಆ ಮೂರು ಅಂಕಿಗಳನ್ನು ಕೂಡಿಸಿ, ಮೂರರಿಂದ ಭಾಗಿಸಿ, ೧೪೦೭ ಎಂದು ಬರೆದು ಸಹಿ ಹಾಕಿದೆ. ಆ ಗಾತ್ರದ ಕಣ ಆ ಬಾಟಲಿಯಲ್ಲಿ ಒಂದಾದರೂ ಇತ್ತೆಂದು ಆಣೆ ಮಾಡಿ ಹೇಳಲಾರೆ. ಫೈಲು ಮಾತ್ರ ಓಡಿತು. ‘ಸಕಾಲಿಕ ವಿಲೇವಾರಿ’ಗಾಗಿ ತಮ್ಮಿಂದ ಮೆಚ್ಚುಗೆ ಪತ್ರವೂ ಬಂತು. ಮನೆಯಲ್ಲಿ ಇದನ್ನು ಹೇಳಿದಾಗ ಮಗಳು ಕೇಳಿದಳು: “ಅಮ್ಮಾ, ಅಪ್ಪನ ಚಪ್ಪಲಿ ಸೈಜು ಹತ್ತು, ನಂದು ನಾಲ್ಕು. ಎರಡು ಜೊತೆ ಏಳು ತಂದ್ಬಿಟ್ರೆ ಇಬ್ರಿಗೂ ಆಗುತ್ತಲ್ವಾ?” ನಕ್ಕೆ. ನಗು ಪೂರ್ತಿಯಾಗಲಿಲ್ಲ.

ಯಾಕೆ ಹಾಗೆ ಬರೆದೆ? ಏನಾದರೂ ಗೌರವಯುತ ಕಾರಣ ಸಿಗಬಹುದೇ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ. ಅರ್ಧ ಹೆದರಿಕೆ. ಉಳಿದರ್ಧ, ಬಹುಶಃ, ಕಿಟಕಿ ಪಕ್ಕದ ಆ ಕುರ್ಚಿಯ ಆಸೆ. ಉಗ್ರಾಣಕ್ಕೆ ಹೋಗಿ ದೊಡ್ಡಕ್ಕನ ಮುಂದೆ ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ; ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಕೂಡ್ಸಿ ಭಾಗಿಸೋಕೆ ನಿಂಗೆ ಅಷ್ಟು ದೊಡ್ಡ ಯಂತ್ರ ಯಾಕೇ ಬೇಕಿತ್ತು?” ಎಂದಷ್ಟೇ ಹೇಳಿ, ಮುಂದಿನ ಬಾಟಲಿಗೆ ಚೀಟಿ ಅಂಟಿಸಿದರು.

ಮಾನ್ಯರೇ, ನನ್ನ ವರದಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆಂದು ಲಿಖಿತವಾಗಿ ಕೊಟ್ಟಿದ್ದೇನೆ. ಇಲ್ಲದ ಅಂಕಿ ಬರೆದವಳಿಗೆ ಮೆಚ್ಚುಗೆ, ಇದ್ದದ್ದನ್ನು ಬರೆದವರಿಗೆ ಉಗ್ರಾಣ ಎಂಬುದು ತಮ್ಮ ನೀತಿಯಲ್ಲವಾದರೆ, ದೊಡ್ಡಕ್ಕನ ಸಹಿಯ ಅಧಿಕಾರವನ್ನು ಅವರಿಗೆ ಹಿಂದಿರುಗಿಸಿ. ಚೀಟಿ ಅಂಟಿಸುವ ಕೆಲಸಕ್ಕೆ ನಾನು ಹೋಗುತ್ತೇನೆ, ಅದಕ್ಕೆ ಬೇಕಾದ ವಿದ್ಯಾರ್ಹತೆ ನನಗಿದೆ. ನಮ್ಮಿಬ್ಬರ ಮಾತಿನಲ್ಲೂ ನಂಬಿಕೆಯಿಲ್ಲವಾದರೆ ಗುರುವಾರ ಬೆಳಿಗ್ಗೆ ಪ್ರಯೋಗಾಲಯಕ್ಕೆ ಬನ್ನಿ. ಅದೇ ಬಣ್ಣದ ಮೀಸಲು ಮಾದರಿ ಕಪಾಟಿನಲ್ಲಿದೆ. ಕೈಗವಸು ನಾನು ಕೊಡುತ್ತೇನೆ. ತಾವೇ ಕೂತು ಮೂರು ಸಲ ಅಳೆಯಿರಿ. ತಮಗೆ ಸರಿಯೆನಿಸಿದ ಅಂಕಿಯನ್ನು ತಮ್ಮದೇ ನಮೂನೆಯಲ್ಲಿ ಬರೆದು, ಕೆಳಗೆ ತಮ್ಮ ಸಹಿ ಹಾಕಿ. ಸಹಿ ಹಾಕಲು ಕೈ ತಡೆದರೆ, ಯಾಕೆ ತಡೆಯಿತೆಂದು ಬರೆಯಲು ತಮಗೂ ಒಂದಿಷ್ಟು ಜಾಗ ಬೇಕಾಗುತ್ತದೆ.

ಇಂತಿ,
ತಮ್ಮ ಮೆಚ್ಚುಗೆ ಪತ್ರವನ್ನು ಇದರ ಜೊತೆ ಲಗತ್ತಿಸಿ ಮರಳಿಸುತ್ತಿರುವ,
ಹಂಗಾಮಿ ಯಂತ್ರ ನಿರ್ವಾಹಕಿ