ಮೂರನೆಯ ಪವರ್ ಸಪ್ಲೈ

ಗುರುವಾರ, ಮಧ್ಯಾಹ್ನ

ಪ್ರೀತಿಯ ಗಾರ್ಡಮ್ಮನಿಗೆ,

ಅಮ್ಮ ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಇಬ್ಬರೂ ಉಂಡುಕೊಂಡು ತಿಂದುಕೊಂಡು, ಒಬ್ಬರ ಮೇಲೊಬ್ಬರು ಅನುಮಾನಪಟ್ಟುಕೊಂಡು ಇದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಫೋನ್ ಎತ್ತಿದ ಕೂಡಲೇ ನಿನ್ನಪ್ಪ ಪಕ್ಕಕ್ಕೆ ಬಂದು ಕೂರುತ್ತಾರೆ. ಕಣ್ಣು ಪೇಪರಿನ ಮೇಲೆ, ಕಿವಿ ನನ್ನ ಕಡೆ. ಈಗ ಮಹಡಿಯ ಮೇಲೆ ರೈಲು ಓಡಿಸುತ್ತಿದ್ದಾರೆ. ಆ ಸದ್ದು ಕೇಳುವಷ್ಟು ಹೊತ್ತು ನಾನು ಧೈರ್ಯವಾಗಿ ಬರೆಯಬಹುದು. ಕೆಲಸದ ದಿನ ಅವರು ಮನೆಯಲ್ಲಿ ಯಾಕಿದ್ದಾರೆ ಎನ್ನುವುದನ್ನೂ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ನೀನು ಆಸ್ಪತ್ರೆಯ ಕೆಲಸಕ್ಕೆಂದು ಹೊರಟ ಮೇಲೆ ನಿನ್ನ ರೂಮನ್ನು ರೈಲ್ವೆಯವರು ವಶಪಡಿಸಿಕೊಂಡದ್ದು ನಿನಗೆ ಗೊತ್ತೇ ಇದೆ. ಬಾಗಿಲಿನಿಂದ ಕಿಟಕಿಯವರೆಗೆ ಹಲಗೆ, ಹಲಗೆಯ ತುಂಬ ಹಳಿ. ನೀನು ಬಾವುಟ ಹಿಡಿದು ಅಪ್ಪನಿಗೆ ಗಾರ್ಡಾಗುತ್ತಿದ್ದ ಹಿಂದಿನ ಆಟದ ರೈಲಿನ ಹಾಗಲ್ಲ ಇದು. ಹಳಿಯಲ್ಲಿ ಸದಾ ಕರೆಂಟು ಇರುತ್ತದೆ, ಒಂದೊಂದು ಎಂಜಿನ್ನಿಗೂ ಒಂದೊಂದು ನಂಬರು. ಕೈಯಲ್ಲಿರುವ ಕಂಟ್ರೋಲರಿನಲ್ಲಿ ಆ ನಂಬರು ಒತ್ತಿದರೆ ಅದೊಂದೇ ಹೊರಡುತ್ತದೆ, ಉಳಿದವು ಕೆಮ್ಮುವುದೂ ಇಲ್ಲ. ಕೆಂಪು ಎಂಜಿನ್ನಿಗೆ ನೀನು ಹುಟ್ಟಿದ ತಾರೀಖು ಹದಿನೇಳನ್ನು ಕೊಟ್ಟವರು ಅವರೇ. ಅದನ್ನು ಬಂದವರಿಗೆಲ್ಲ ಹೇಳಿ ಹೇಳಿ ನನ್ನ ತಲೆ ಚಿಟ್ಟು ಹಿಡಿಸಿದವರೂ ಅವರೇ.

ಹೋದ ತಿಂಗಳು ಒಂದು ದಿನ ಮುಖ ಗಂಟಿಕ್ಕಿಕೊಂಡು ಕೆಳಗಿಳಿದು ಬಂದರು. ಪವರ್ ಸಪ್ಲೈ ಹೋಗಿದೆ, ಹಳಿಗೆ ಕರೆಂಟೇ ಬರುತ್ತಿಲ್ಲ ಎಂದರು. ಅದೇ, ಗೋಡೆಯ ಪ್ಲಗ್ಗಿಗೂ ಕಂಟ್ರೋಲರಿನ ಪೆಟ್ಟಿಗೆಗೂ ನಡುವೆ ಬರುವ ಕಪ್ಪು ಡಬ್ಬಿ. ಮೇನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಹೊಸದು ತಂದು ಹಾಕಿದರು, ರೈಲು ಓಡಿತು. ವಾರ ಕಳೆಯುವುದರೊಳಗೆ ಅದೂ ಹೋಗಿದೆ ಎಂದರು. ಇನ್ನೊಂದು ಬಂತು. ಅದು ಒಂದು ದಿನ ಸರಿಯಾಗಿದ್ದರೆ ಇನ್ನೊಂದು ದಿನ ಇಲ್ಲ.

ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದ. ಹತ್ತು ಮಹಡಿಯ ಕಟ್ಟಡದಲ್ಲಿ ಕೆಟ್ಟು ನಿಂತ ಲಿಫ್ಟನ್ನು ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವ ನಿನ್ನಪ್ಪನಂಥ ಮೆಕ್ಯಾನಿಕ್ಕಿಗೆ ಅಂಗೈಯಗಲದ ಡಬ್ಬಿಯ ರೋಗ ಗೊತ್ತಾಗುವುದಿಲ್ಲವೇ? ಮೇಲಾಗಿ ಆ ಅಂಗಡಿ ನಡೆಸುವಾಕೆ ಚೆಂದವಾಗಿ ನಗುತ್ತಾಳೆ. ಇವರು ಅಲ್ಲಿಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಾರೆ. ನಗಬೇಡ ಕಣೆ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ತಲೆ ಬಾಚಿದ ರೀತಿಯಲ್ಲೇ ಎಷ್ಟೋ ವಿಷಯ ತಿಳಿಯುತ್ತದೆ.

ಅವರ ಅನುಮಾನ ಬೇರೆಯೇ ದಾರಿ ಹಿಡಿದಿತ್ತು. ಧೂಳು ಹೊಡೆಯುವ ನೆಪದಲ್ಲಿ ನಾನೇ ಏನೋ ಮಾಡಿ ಬರುತ್ತೇನೆ ಎಂದು ಅವರ ಲೆಕ್ಕ. ರೂಮಿಗೆ ಬೀಗ ಬಿತ್ತು. ಬೀಗದ ಕೈ ಅವರ ಜೇಬಿಗೆ ಹೋಯಿತು, ಆಮೇಲೆ ಅದು ಯಾವ ಜೇಬಿನಲ್ಲಿದೆ ಎಂದು ಹುಡುಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸಿಕ್ಕಾಗ, ನಿನ್ನ ಹತ್ತಿರವೇ ಇತ್ತಲ್ಲ ಎಂದು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಈ ಸೋಮವಾರ ಅವರು ಕೆಲಸಕ್ಕೆ ಹೋದ ಮೇಲೆ, ಗಾದಿಯ ಕೆಳಗೆ ಸಿಕ್ಕಿದ ಬೀಗದ ಕೈಯಿಂದ ರೂಮು ತೆಗೆದು, ಹೊಸದು ಹಳೆಯದು ಎನ್ನದೆ ಮೂರೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಜಗಳ ಆಡಲೆಂದೇ ಹೋದದ್ದು, ನಿನ್ನ ಹತ್ತಿರ ಮುಚ್ಚುಮರೆ ಯಾಕೆ. ಅಂಗಡಿಯಾಕೆ ಒಂದೊಂದಕ್ಕೂ ಮೀಟರ್ ಹಿಡಿದು ನೋಡಿದಳು. ಮೂರೂ ಸರಿಯಾಗಿದ್ದವು. ಮೊದಲನೆಯದು ಕೂಡ! ಹಾಗಾದರೆ ನಮ್ಮವರು ಇಲ್ಲಿಗೆ ಬರುವುದು ಯಾಕೆ ಎಂದು ನೇರವಾಗಿ ಕೇಳಿಯೇಬಿಟ್ಟೆ. ಅವಳ ನಗು ಅಲ್ಲಿಗೆ ನಿಂತಿತು. ಮೀಟರಿನ ವೈರುಗಳನ್ನು ನಿಧಾನವಾಗಿ ಸುತ್ತಿಟ್ಟಳು.

"ಹೇಳಬೇಕೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ ಅಕ್ಕಾ. ಪ್ರತಿ ಸಲ ಮೊದಲನೇ ಸಲ ಬಂದೋರ ಹಾಗೆ ಬರ್ತಾರೆ. ಈ ರೋಡಲ್ಲಿ ಇಂಥ ಅಂಗಡಿ ಇರೋದೇ ಗೊತ್ತಿರಲಿಲ್ಲ ಅಂತಾರೆ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಮತ್ತೆ ರೂಮಿನ ಬೀಗ ತೆಗೆದೆ. ಡಬ್ಬಿ ಜೋಡಿಸಿ ಸ್ವಿಚ್ ಹಾಕಿದೆ. ಹಸಿರು ದೀಪ ಬಂತು. ಕಂಟ್ರೋಲರಿನಲ್ಲಿ ಹಿಂದಿನ ಸಲ ಒತ್ತಿದ್ದ ನಂಬರು ಹಾಗೆಯೇ ಇತ್ತು, ಎಪ್ಪತ್ತೊಂದು. ನಮ್ಮ ಮನೆಯಲ್ಲಿ ಆ ನಂಬರಿನ ಎಂಜಿನ್ನೇ ಇಲ್ಲ. ನಾನು ಹದಿನೇಳು ಒತ್ತಿ ಗುಂಡಿ ತಿರುಗಿಸಿದೆ. ಕೆಂಪು ಎಂಜಿನ್ನು ಏನೂ ಆಗಿಲ್ಲವೆಂಬಂತೆ ಹೊರಟು ಹಲಗೆಯ ಸುತ್ತ ಓಡತೊಡಗಿತು. ಅದನ್ನೇ ನೋಡುತ್ತ ನೆಲದ ಮೇಲೆ ಕೂತುಬಿಟ್ಟೆ. ಅಂಗಡಿಯಾಕೆಯ ನಗುವಿನ ಮೇಲೆ ಪಟ್ಟ ಅನುಮಾನವೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಗಂಡನ ಜೊತೆ ಜಗಳ ಆಡುವುದು ನನಗೆ ಗೊತ್ತು, ಇದು ಗೊತ್ತಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ನಿನ್ನಪ್ಪ. ಕೆಲಸದ ಮಧ್ಯೆ ಎದ್ದು ಬಂದಿದ್ದರು. ಯಾಕೆ ಬಂದರೋ ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಓಡುವ ರೈಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನೀನೇ ಅಲ್ವಾ ಇಷ್ಟು ದಿನ ಇದನ್ನ ಕೆಡಿಸ್ತಿದ್ದಿದ್ದು?" ಎಂದರು.

ಕೋಪವಿತ್ತು, ನಿಜ. ಆದರೆ ಆ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಆಸೆಯಿತ್ತು ಮಗಳೆ. ಹೌದು ಅನ್ನಲಿ, ಇವಳು ಹೌದು ಅಂದುಬಿಡಲಿ ಎಂಬ ಆಸೆ. ಅವರಿಗೂ ಒಳಗೊಳಗೇ ತಮ್ಮ ಮೇಲೆ ಅನುಮಾನ ಶುರುವಾಗಿದೆ ಎಂದು ನನಗೆ ಆಗಲೇ ತಿಳಿದದ್ದು.

"ಹೌದು, ನಾನೇ. ವೈರು ಸಡಿಲ ಮಾಡ್ತಿದ್ದೆ. ನೀವು ಯಾವಾಗ ನೋಡಿದ್ರೂ ಇಲ್ಲೇ ಕೂತಿರ್ತೀರಿ ಅಂತ ಸಿಟ್ಟು ಬಂದಿತ್ತು" ಎಂದೆ.

ಮೂರು ಮನೆಗೆ ಕೇಳುವ ಹಾಗೆ ಬೈದರು. ಬೈದು ಮುಗಿಸಿದ ಮೇಲೆ ಹಗುರಾದರು, ಕೂತು ಟೀ ಕುಡಿದರು. ನಾನು ಬೆನ್ನು ತಿರುಗಿಸಿ ಪಾತ್ರೆ ತೊಳೆದೆ.

ಇನ್ನು ಮುಖ್ಯವಾದ ವಿಷಯ. ಎಂಜಿನ್ನಿನ ನಂಬರು ಮರೆತರೆ ರೈಲು ನಿಲ್ಲುತ್ತದೆ, ಅಷ್ಟೇ. ಲಿಫ್ಟಿನ ಕೆಲಸದಲ್ಲಿ ಒಂದು ಬೋಲ್ಟು ಬಿಗಿಯುವುದು ಮರೆತರೆ? ಅದರೊಳಗೆ ಜನ ನಿಂತಿರುತ್ತಾರೆ. ಮಕ್ಕಳನ್ನು ಎತ್ತಿಕೊಂಡವರಿರುತ್ತಾರೆ. ಅವತ್ತೇ ಅವರ ಸೂಪರ್‌ವೈಸರಿಗೆ ಫೋನ್ ಮಾಡಿ, ಸೊಂಟ ಹಿಡಿದುಕೊಂಡಿದೆ, ಈ ವಾರ ಬರುವುದಿಲ್ಲ ಎಂದು ಸುಳ್ಳು ಹೇಳಿದೆ. ಇವರಿಗೆ, ಕಂಪನಿಯವರೇ ರಜೆ ಕೊಟ್ಟಿದ್ದಾರೆ ಎಂದು ಇನ್ನೊಂದು ಸುಳ್ಳು. ಇವರು ನಂಬಿಲ್ಲ. ತಮ್ಮ ಕೆಲಸ ತೆಗೆಸಲು ನಾನು ಒಳಸಂಚು ಮಾಡುತ್ತಿದ್ದೇನೆ ಎಂದು ನಂಬಿದ್ದಾರೆ. ಒಂದು ಲೆಕ್ಕಕ್ಕೆ ಅದು ನಿಜವೇ. ಹಾಗಾಗಿ ಎದುರಾಡದೆ ಸುಮ್ಮನಿದ್ದೇನೆ. ಅನುಮಾನ ನನ್ನ ಮೇಲೇ ಇರಲಿ, ಅವರ ಮೇಲೆ ಅವರಿಗೆ ಬರುವುದು ಬೇಡ.

ಆದರೆ ಬರುವ ಸೋಮವಾರ ಮತ್ತೆ ಟೂಲ್ ಬ್ಯಾಗು ಹೆಗಲಿಗೇರಿಸುತ್ತಾರೆ. ಅಷ್ಟರೊಳಗೆ ನೀನು ಬಾ. ಡಾಕ್ಟರ ಹತ್ತಿರ ಬನ್ನಿ ಎಂದು ನಾನು ಕರೆದರೆ ಅದೂ ಒಳಸಂಚಾಗುತ್ತದೆ. ನೀನು ಕರೆದರೆ ಗಾರ್ಡು ಹಸಿರು ಬಾವುಟ ತೋರಿಸಿದಳು ಎಂದು ಹೊರಟಾರು. ಸೂಪರ್‌ವೈಸರಿಗೆ ನಿಜ ಹೇಳುವ ಕೆಲಸ ನನ್ನದು. ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಜೊತೆಯಲ್ಲಿ ನೀನು ನಿಂತಿರು.

ಮೇಲೆ ರೈಲು ನಿಂತಿತು. ಬೇರೆ ಎಂಜಿನ್ನಿನ ನಂಬರು ಹುಡುಕುತ್ತಿರಬೇಕು. ಇನ್ನೇನು ನನ್ನನ್ನು ಕೂಗುತ್ತಾರೆ, ವೈರು ಎಳೆದೆಯಾ ಎಂದು ಕೇಳುತ್ತಾರೆ. ಹೋಗಿ, ಹೌದು ಎಂದು ಹೇಳಿ, ನಂಬರು ಒತ್ತಿ ಬರುತ್ತೇನೆ.

ನಿನ್ನ ಒಳಸಂಚಿನ
ಅಮ್ಮ

ತಾ.ಕ.: ಫೋನ್ ಮಾಡಿದಾಗಲೆಲ್ಲ "ಯಾರು ಹೇಳಿ ನೋಡೋಣ" ಎಂದು ಅಪ್ಪನನ್ನು ಸತಾಯಿಸುತ್ತೀಯಲ್ಲ, ಆ ಆಟ ಇನ್ನು ಬೇಡ ಕಂದ. ಹೋದ ಭಾನುವಾರ ನೀನು ಹಾಗೆ ಕೇಳಿದಾಗ ಅವರು ನಗುತ್ತಲೇ ಫೋನಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿ, ಯಾರು ಎಂದು ಕಣ್ಣಲ್ಲೇ ಕೇಳಿದರು. ನಾನು ಹೇಳಿಕೊಟ್ಟೆ. ಇನ್ನು ಮೇಲೆ ನೀನೇ ಮೊದಲು ಹೇಳಿಬಿಡು.