ಮೊಳೆಗೆ ತೂಗುಹಾಕಿದ ಗೌನು

ಅಮ್ಮಾ,

ಈ ಕಾಗದಕ್ಕೆ ವಿಳಾಸವಿಲ್ಲ ಎಂದು ಗೊತ್ತು. ಆದರೂ ಹೇಳಬೇಕು, ಇವತ್ತು ನನಗೆ ಹೊಡೆತ ಬಿತ್ತು.

ನೀನು ಕೊನೆಗೆ ಮಲಗಿದ್ದ ಸೋಂಕಿನ ವಾರ್ಡಿನ ಬಾಗಿಲು ಕಾಯುವುದೇ ಈಗ ನನ್ನ ಕೆಲಸ. ರೋಗ ತಗಲದಂತೆ ಮೇಲೆ ತೊಡುವ ಗೌನಿಲ್ಲದೆ ಯಾರನ್ನೂ ಒಳಗೆ ಬಿಡಬಾರದು, ಒಮ್ಮೆ ಹಾಕಿದ್ದನ್ನು ಬಿಸಾಡಬೇಕು ಎಂದು ಗೋಡೆಯ ಮೇಲೆ ಬರೆದಿದೆ. ಸ್ಟೋರಿನಿಂದ ಬರುವುದು ದಿನಕ್ಕೆ ಒಂದೇ ಗೌನು. ಅದನ್ನು ಮೊಳೆಗೆ ತೂಗುಹಾಕಿ ನರ್ಸಕ್ಕನೂ ನಾನೂ ಸರದಿಯಂತೆ ತೊಡುತ್ತೇವೆ.

ಒಬ್ಬ ಲಾರಿ ಡ್ರೈವರ್ ಬಂದ. ಒಳಗೆ ಅವನ ತಾಯಿ ಏದುಸಿರು ಬಿಡುತ್ತಿದ್ದಳು.

"ಬಂದವರಿಗೆ ಗೌನು ಇಲ್ಲ ಅಣ್ಣಾ, ಬಿಡಕ್ಕಾಗಲ್ಲ," ಎಂದೆ.

"ಮತ್ತೆ ಆ ಮೊಳೆಗೆ ನೇತಾಡ್ತಿರೋದೇನು, ನಿಮ್ಮಪ್ಪನ ಅಂಗೀನಾ?"

"ಅದು ಸ್ಟಾಫಿಗೆ."

"ಓಹೋ, ಸ್ಟಾಫ್ ಅಂದ್ರೆ ರೋಗ ದಾರಿ ಬಿಡುತ್ತಾ?"

ಕೂದಲು ಹಿಡಿದು ನನ್ನ ತಲೆಯನ್ನು ಬಾಗಿಲಿಗೆ ಚಚ್ಚಿದ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಗೇಟಿನ ಕಾವಲುಗಾರ ಓಡಿಬಂದು ದೊಣ್ಣೆಯಿಂದ ಅವನ ಬೆರಳು ಮುರಿದ, ಬಿದ್ದವನ ಹೊಟ್ಟೆಗೂ ಒದ್ದ. ಅವನು ತೆವಳಿಕೊಂಡು ಮತ್ತೆ ಬಾಗಿಲಿಗೇ ಬಂದ.

"ಸಾಕು ಬಿಡಿ ಮಾವ," ಎಂದು ಕಾವಲುಗಾರನನ್ನು ತಡೆದೆ. ಮೊಳೆಯಿಂದ ಗೌನು ತೆಗೆದು ಡ್ರೈವರಿಗೆ ತೊಡಿಸಿದೆ. ಅವನ ಬೆರಳು ಆಡುತ್ತಿರಲಿಲ್ಲ, ದಾರಗಳನ್ನು ನಾನೇ ಕಟ್ಟಿದೆ. ಒಳಗೆ ಅವನ ತಾಯಿ "ಬಂದ್ಯಾ ಮಗಾ" ಎಂದದ್ದು ಹೊರಗೂ ಕೇಳಿಸಿತು.

ಹುಬ್ಬಿಗೆ ಹೊಲಿಗೆ ಹಾಕುತ್ತಾ ನರ್ಸಕ್ಕ, "ನಿನ್ನ ಕೆಲಸ ಹೋಗುತ್ತೆ ಕಣೇ," ಎಂದರು. ಹೋಗಲಿ.

ನೀನು ಒಳಗಿದ್ದ ದಿನವೂ ಆ ಮೊಳೆಯಲ್ಲಿ ಗೌನಿತ್ತು ಅಮ್ಮಾ. ಬಂದವರಿಗೆ ಗೌನಿಲ್ಲವೆಂದು ನನ್ನನ್ನೂ ತಡೆದರು, ಮೊಳೆಯ ಕೆಳಗಿನ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದೆ. ನೀನು ಕರೆಯುವುದು ಕೇಳುತ್ತಿತ್ತು. ನಾನು ಯಾರಿಗೂ ಹೊಡೆಯಲಿಲ್ಲ.