ಕುಟ್ಟಿ ಕಟ್ಟಿದ ಮುಚ್ಚಳ

ಚಿಂಚವಾಡ, ಸೋಮವಾರ

ಶಿವಪ್ಪ ಕಾಕಾರಿಗೆ, ನಿಮ್ಮ ಕಾರ್ಖಾನೆಯ ಡಿಸೈನರ್ ತ್ರಿವೇಣಿಯ ನಮಸ್ಕಾರ.

ನಾನು ದಿನವಿಡೀ ಕೀಬೋರ್ಡ್ ಕುಟ್ಟುವುದನ್ನು ನೋಡಿ, "ಈ ಹುಡುಗಿ ಟೈಪಿಂಗ್ ಭಾಳ ಛಲೋ ಮಾಡ್ತಾಳ" ಎಂದು ಪತ್ರ ಟೈಪಿಸುವ ಮೇಜಿಗೆ ವರ್ಗ ಮಾಡಿದಿರಿ. ಅಲ್ರೀ ಕಾಕಾ, ನಾನು ಟೈಪಿಸುತ್ತಿದ್ದುದೇ ಪಂಪಿನ ಮುಚ್ಚಳ! ಅಳತೆಗಳನ್ನು ಕೋಡಿನಲ್ಲಿ ಬರೆದರೆ ಆಕಾರವನ್ನು ಕಂಪ್ಯೂಟರೇ ಕಟ್ಟುತ್ತದೆ.

ಈಗ ಗಿರಾಕಿ ಮುಚ್ಚಳದ ತೂತು ಎರಡು ಮಿಲಿಮೀಟರ್ ದೊಡ್ಡದಾಗಬೇಕೆಂದು ಕೇಳಿದ್ದಾನೆ. ನನ್ನ ಕುರ್ಚಿಯಲ್ಲಿ ಕೂತ ಸ್ವಪ್ನಿಲ್ ಮೂರು ದಿನದಿಂದ ಮೌಸ್ ಎಳೆದು ಇಡೀ ಮುಚ್ಚಳವನ್ನೇ ಹೊಸದಾಗಿ ಬಿಡಿಸುತ್ತಿದ್ದಾನೆ. ಬೆಟ್ಟ ಅಗೆದು ಇಲಿ ಹಿಡಿಯುವವರುಂಟು. ಇವನು ಇಲಿ ಹಿಡಿದು ಬೆಟ್ಟ ಅಗೆಯುತ್ತಿದ್ದಾನೆ. ನಾನು ನನ್ನ ಫೈಲಿನಲ್ಲಿ ತೂತಿನ ಅಳತೆ ಎಂಟು ಅಳಿಸಿ ಹತ್ತು ಬರೆದೆ, ಮುಗಿಯಿತು.

ಟೈಪಿಸ್ಟ್ ಕೆಲಸವನ್ನೂ ಬಿಟ್ಟಿಲ್ಲ. ನನ್ನನ್ನು ಡಿಸೈನ್ ಕುರ್ಚಿಗೆ ಮರಳಿಸುವ ಆದೇಶ ಟೈಪಿಸಿ ಇದರ ಜೊತೆಗಿಟ್ಟಿದ್ದೇನೆ. ಸಹಿಯೊಂದು ನೀವೇ ಮಾಡಬೇಕು.

ಸಿಟ್ಟಿನಲ್ಲೂ ನಿಮ್ಮ ಮಗಳಂಥವಳು,
ತ್ರಿವೇಣಿ